ಪರಾಭವದ ಪ್ರತ್ಯಕ್ಷದರ್ಶನ: ‘ಬ್ಯಾಂಡಿಟ್ ಕ್ವೀನ್’ ಚಲಚ್ಚಿತ್ರದ ರಸವಿಚಾರ

ಹಿಂಸೆಯೇ ವಸ್ತುವಾಗಿರುವ ಚಲಚ್ಚಿತ್ರಗಳಲ್ಲಿ ಸ್ತ್ರೀಗೆ ದೊರೆಯುವ ಸ್ಥಾನವಾವುದೆಂಬುದನ್ನು ರಸಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದು ಕಷ್ಟವಲ್ಲ. ಬಹುಮಟ್ಟಿಗೆ ಆಕೆ ಉದ್ದೀಪನವಿಭಾವ. ಆಕೆಗಾದ ಅಪಮಾನದಿಂದ ನಾಯಕನ ಕ್ರೋಧವು ಹೊತ್ತಿಕೊಳ್ಳುವುದು. ಹೊತ್ತಿಕೊಂಡ ಬಳಿಕ ಆಕೆಯ ಗತಿಯೇನಾಯಿತೆಂದು ಕೇಳುವವರಿಲ್ಲ. ಈ ಪದ್ಧತಿಯು ಚಲಚ್ಚಿತ್ರದವರು ಕಂಡುಹಿಡಿದುದೂ ಅಲ್ಲ. ಭಟ್ಟನಾರಾಯಣನ ವೇಣೀಸಂಹಾರದಲ್ಲಿಯೂ ರನ್ನನ ಗದಾಯುದ್ಧದಲ್ಲಿಯೂ ದ್ರೌಪದಿಯು ಮಾತನಾಡುವಳು, ಕೆಣಕುವಳು. ಆದರೂ ರೌದ್ರಕ್ಕೆ ಆಶ್ರಯವು ಭೀಮಸೇನನೇ. ಆಕೆಯ ಬಿಚ್ಚಿದ ಮುಡಿಯು ಆ ಅಗ್ನಿಗೆ ಇಂಧನ.

ಶೇಖರ್ ಕಪೂರ್ ಅವರು 1994ರಲ್ಲಿ ತೆರೆಗೆ ತಂದ ‘ಬ್ಯಾಂಡಿಟ್ ಕ್ವೀನ್’ ಎಂಬ ಹಿಂದೀ ಚಿತ್ರವು ಈ ಸಾಲಿನಿಂದ ಹೊರಗೆ ನಿಲ್ಲುವಂತೆ ಮೊದಲ ನೋಟಕ್ಕೆ ತೋರುವುದು. ಅಲ್ಲಿ ಅಪಮಾನಿತಳೂ ಸ್ತ್ರೀ, ಕ್ರುದ್ಧಳೂ ಆಕೆಯೇ. ಚಂಬಲ್ ಕಣಿವೆಯಲ್ಲಿ ದರೋಡೆಗೆ ಹೆಸರಾಗಿ, 1983ರಲ್ಲಿ ಶರಣಾಗತಳಾದ ಫೂಲನ್ ದೇವಿಯ ಜೀವನವೇ ಅದರ ವಸ್ತು. ಬಾಲ್ಯದಲ್ಲಿ ತನ್ನನ್ನು ವಿವಾಹವಾಗಿ ಪೀಡಿಸಿದ ಪುತ್ತಿಲಾಲನನ್ನು ಆಕೆಯು ಬಂದೂಕಿನ ಹಿಡಿಯಿಂದ ಬಡಿಯುವ ಸಂದರ್ಭವಿದೆಯಷ್ಟೆ. ಅಲ್ಲಿ ಸೀಮಾ ಬಿಸ್ವಾಸ್ ಅವರ ಅಭಿನಯವು ಕ್ರೋಧವನ್ನೂ ದುಃಖವನ್ನೂ ಬೇರ್ಪಡಿಸಲಾಗದಂತೆ ಬೆರೆಸಿರುವುದು. ಭಾವವು ಆಕೆಯದು, ಕ್ರಿಯೆಯು ಆಕೆಯದು. ಇಡೀ ಚಿತ್ರವು ಈ ಎತ್ತರದಲ್ಲಿಯೇ ನಡೆದಿದ್ದರೆ ವಿಮರ್ಶಕನಿಗೆ ಹೆಚ್ಚು ಕೆಲಸವಿರುತ್ತಿರಲಿಲ್ಲ.

ವಿವಾದಕ್ಕೆ ಕಾರಣವಾದುದು ಬೇಹಮಾಯಿ ಗ್ರಾಮದ ಬಾವಿಯ ದೃಶ್ಯ. ಆಕೆಯನ್ನು ವಿವಸ್ತ್ರಳನ್ನಾಗಿಸಿ, ಊರವರು ನೋಡುತ್ತಿರುವಂತೆ ಬಾವಿಯವರೆಗೆ ನಡೆಯಿಸಿ, ನೀರು ಸೇದಿಸುವರು. ಇದನ್ನು ಚಿತ್ರವು ಮರೆಮಾಡದೆ ತೋರಿಸಿದೆ. ಗುಜ್ಜರ ಸಮುದಾಯಕ್ಕೆ ಸೇರಿದವರೊಬ್ಬರ ಅರ್ಜಿಯ ಮೇಲೆ ದೆಹಲಿಯ ಉಚ್ಚ ನ್ಯಾಯಾಲಯವು ಚಿತ್ರದ ಪ್ರಮಾಣಪತ್ರವನ್ನು ರದ್ದುಗೊಳಿಸಿತು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಮರಳಿ ಊರ್ಜಿತಗೊಳಿಸಿತು. ಆ ನಗ್ನತೆಯು ಕಾಮವನ್ನು ಕೆರಳಿಸುವುದಕ್ಕಲ್ಲ, ನೊಂದವಳಲ್ಲಿ ಅನುಕಂಪವನ್ನೂ ನೋಯಿಸಿದವರಲ್ಲಿ ಜುಗುಪ್ಸೆಯನ್ನೂ ಹುಟ್ಟಿಸುವುದಕ್ಕೆ ಎಂಬುದು ತೀರ್ಪಿನ ತಾತ್ಪರ್ಯ. ನ್ಯಾಯಮೂರ್ತಿಗಳು ಅಲಂಕಾರಶಾಸ್ತ್ರವನ್ನು ಹೆಸರಿಸದೆಯೇ ರಸನಿರ್ಣಯವನ್ನು ಮಾಡಿರುವರು: ಈ ದೃಶ್ಯದ ರಸವು ಶೃಂಗಾರಾಭಾಸವಲ್ಲ, ಬೀಭತ್ಸದಿಂದ ಪುಷ್ಟವಾದ ಕರುಣ.

ಪ್ರಾಚೀನ ಲಾಕ್ಷಣಿಕರ ನಿಷೇಧವನ್ನು ತಂದು ಈ ತೀರ್ಪನ್ನು ಖಂಡಿಸುವುದು ಸುಲಭ. ಧನಂಜಯನು ದಶರೂಪಕದಲ್ಲಿ ವಧೆ, ಯುದ್ಧ, ಸ್ನಾನ, ಸುರತಗಳೊಡನೆ ಅಂಬರಗ್ರಹಣವನ್ನೂ ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸಬಾರದೆಂದಿರುವನು. (ಅಂಬರಗ್ರಹಣವೆಂದರೆ ಉಡುವುದೋ ಸೆಳೆಯುವುದೋ ಎಂಬ ಚರ್ಚೆ ಹಾಗಿರಲಿ.) ಆದರೆ ನಾಟಕದ ಅಂಕಕ್ಕೆ ಮಾಡಿದ ವಿಧಿಯನ್ನು ಚಲಚ್ಚಿತ್ರಕ್ಕೆ ಹೇರುವುದು ಯುಕ್ತವಲ್ಲ. ಚಿತ್ರವನ್ನು ತಡೆಯದೆ ಬಿಟ್ಟುದು ಸರಿಯೇ. ವಿಚಾರಣೀಯವಾದ ಅಂಶವು ಬೇರೆ.

ಕರುಣವು ರಸವಾಗಬೇಕಾದರೆ ಸಾಧಾರಣೀಕರಣವು ಆಗಬೇಕು. ಈ ಶೋಕವು ಇಂತಹ ದೇಶಕಾಲದ ಇಂತಹ ವ್ಯಕ್ತಿಗೆ ಸೇರಿದುದೆಂಬ ಬುದ್ಧಿಯು ಕಳಚಿಹೋಗಬೇಕು. ಹೋಗದಿದ್ದರೆ ಅದನ್ನು ಅಭಿನವಗುಪ್ತನು ರಸವಿಘ್ನಗಳಲ್ಲಿ ಎಣಿಸುವನು. ಈ ಚಿತ್ರವಾದರೋ ಇದು ನಿಜಕಥೆಯೆಂದು ಆದಿಯಲ್ಲಿಯೇ ಅಕ್ಷರಗಳಲ್ಲಿ ಸಾರುವುದು. ನಿಜವಾದ ಹೆಸರು, ನಿಜವಾದ ಊರು. ಆ ಹೆಸರಿನವಳು ಅಂದು ಜೀವಂತಳು. ಅಂದಮೇಲೆ ಪ್ರೇಕ್ಷಕನ ಮುಂದೆ ನಡೆಯುವವಳು ಕವಿಕಲ್ಪಿತ ನಾಯಿಕೆಯಲ್ಲ. ತನ್ನ ಪರಾಭವವನ್ನು ತೋರಿಸಲು ಸಮ್ಮತಿಸದ ಒಬ್ಬ ಹೆಂಗಸು. ಆಕೆಯೇ 1994ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ಪ್ರದರ್ಶನಕ್ಕೆ ತಡೆಯನ್ನು ಬೇಡಿ ಪಡೆದಿದ್ದಳು. ಮುಂದೆ ಒಪ್ಪಂದವಾಗಿ ಆಕ್ಷೇಪವನ್ನು ಹಿಂದಕ್ಕೆ ತೆಗೆದುಕೊಂಡುದೂ ನಿಜ. ಆದರೆ ವ್ಯವಹಾರದ ಒಪ್ಪಂದವು ರಸವಿಘ್ನವನ್ನು ಕಳೆಯಲಾರದು. ಶ್ರೀಮತಿ ಅರುಂಧತಿ ರಾಯ್ ಅವರು ಆ ವರ್ಷವೇ ಬರೆದ ತೀಕ್ಷ್ಣವಾದ ವಿಮರ್ಶೆಯಲ್ಲಿ ಎತ್ತಿದ ಮುಖ್ಯ ಪ್ರಶ್ನೆಯೂ ಇದೇ: ಬದುಕಿರುವ ಸ್ತ್ರೀಯ ಮೇಲಿನ ಅತ್ಯಾಚಾರವನ್ನು ಆಕೆಯ ಅನುಮತಿಯಿಲ್ಲದೆ ಪುನಃ ಅಭಿನಯಿಸುವ ಅಧಿಕಾರವು ಯಾರಿಗಿದೆ?

ಇದಕ್ಕಿಂತಲೂ ಗಾಢವಾದ ಸಂಗತಿಯೊಂದುಂಟು. ಚಿತ್ರಕ್ಕೆ ಆಧಾರವಾದ ಮಾಲಾ ಸೇನ್ ಅವರ ಗ್ರಂಥವು (1991) ಫೂಲನಳು ಸೆರೆಯಲ್ಲಿದ್ದು ಬರೆಯಿಸಿ ಕಳುಹಿಸಿದ ವೃತ್ತಾಂತವನ್ನು ಬಳಸಿಕೊಂಡಿದೆ. ಬೇಹಮಾಯಿಯಲ್ಲಿ ನಡೆದುದನ್ನು ಹೇಳುವಾಗ ಆಕೆಯು ಅತ್ಯಾಚಾರವೆಂಬ ಶಬ್ದವನ್ನೇ ಬಾಯಿಗೆ ತರುವುದಿಲ್ಲ. ಆ ಜನರು ತನ್ನೊಡನೆ ಬಹಳವಾಗಿ ಪರಿಹಾಸ ಮಾಡಿದರೆಂದಷ್ಟೇ ಹೇಳುವಳು. ಧ್ವನಿಮಾರ್ಗವನ್ನು ಬಲ್ಲವರು ಈ ‘ಪರಿಹಾಸ’ವೆಂಬ ಪದದ ಮುಂದೆ ಕ್ಷಣಕಾಲ ನಿಲ್ಲಬೇಕು. ಓದುಬರಹವನ್ನರಿಯದ ಆಕೆಯು ಹೇಳಬೇಕಾದುದನ್ನೆಲ್ಲ ಒಂದು ಮಾತಿನಲ್ಲಿ ಅಡಗಿಸಿಟ್ಟಳು. ಕೇಳುವವನಿಗೆ ಎಲ್ಲವೂ ತಿಳಿಯುವುದು, ಹೇಳಿದವಳ ಮಾನವೂ ಉಳಿಯುವುದು. ಆಕೆ ವ್ಯಂಗ್ಯವಾಗಿ ಉಳಿಸಿದುದನ್ನು ಚಿತ್ರವು ವಾಚ್ಯವಾಗಿ ಮಾಡಿತು.

ನೊಂದವಳು ಮೂಕಳಾಗುವುದು ಸಹಜ, ಆ ಮೌನವೇ ದೃಶ್ಯದ ಶಕ್ತಿ ಎಂದು ಕೆಲವರು ಹೇಳಬಹುದು. ಇರಲಿ. ಆದರೆ ಬಾವಿಯ ಬಳಿ ಪ್ರೇಕ್ಷಕನು ಕಾಣುವುದು ಆಕೆ ಕಂಡ ಮುಖಗಳನ್ನಲ್ಲ, ಬಹುಮಟ್ಟಿಗೆ ಆಕೆಯನ್ನೇ. ಚಲಚ್ಚಿತ್ರದಲ್ಲಿ ನೋಟವು ಪುರುಷನದು, ನೋಟಕ್ಕೆ ಗುರಿಯಾಗುವವಳು ಸ್ತ್ರೀ ಎಂದು ಆಂಗ್ಲ ವಿದುಷಿ ಲಾರಾ ಮಲ್ವಿ ಅವರು 1975ರಲ್ಲಿ ಪ್ರತಿಪಾದಿಸಿದುದು ಇಲ್ಲಿ ಪೂರ್ಣವಾಗಿ ಸಲ್ಲುವುದು. ಅನುಕಂಪದಿಂದ ನೋಡಿದರೂ ಪ್ರೇಕ್ಷಕನು ನಿಂತಿರುವುದು ಊರವರ ಗುಂಪಿನಲ್ಲಿಯೇ. ವ್ಯಾಸರ ಸಭಾಪರ್ವದಲ್ಲಿ ಹೀಗಿಲ್ಲ. ಅಲ್ಲಿ ವಸ್ತ್ರಕ್ಕಿಂತ ಮುಂಚೆ ಪ್ರಶ್ನೆಯು ಬರುವುದು: ಧರ್ಮರಾಜನು ಮೊದಲು ಸೋತುದು ತನ್ನನ್ನೋ, ದ್ರೌಪದಿಯನ್ನೋ? ಭೀಷ್ಮನು ಧರ್ಮದ ಗತಿಯು ಸೂಕ್ಷ್ಮವೆಂದು ಹಿಂಜರಿಯುವನು. ವಿಕರ್ಣನೊಬ್ಬನ ಹೊರತು ಕೌರವರಲ್ಲಿ ಆಕೆಯ ಪರವಾಗಿ ಬಾಯಿಬಿಡುವವರಿಲ್ಲ. ಓದುಗನ ಚಿತ್ತವು ನೆಡುವುದು ಆಕೆಯ ದೇಹದಲ್ಲಲ್ಲ, ಉತ್ತರ ಕಾಣದ ಸಭೆಯಲ್ಲಿ.

ಫೂಲನಳ ಬಾಳಿನಲ್ಲಿಯೂ ಪ್ರಶ್ನೆಗಳಿಗೆ ಕೊರತೆಯಿರಲಿಲ್ಲ. ತಂದೆಗೆ ಸಲ್ಲಬೇಕಾದ ಭೂಮಿಗಾಗಿ ದಾಯಾದಿಯಾದ ಮಯ್ಯಾದೀನನೊಡನೆ ಆಕೆಯು ಎಳೆಯ ವಯಸ್ಸಿನಲ್ಲಿಯೇ ಹೋರಾಡಿದ್ದಳು. ಆ ವ್ಯಾಜ್ಯವು ಚಿತ್ರದ ಕಥೆಯನ್ನು ನಡೆಸುವ ಕಾರಣವಾಗಿಲ್ಲ. ಅತ್ಯಾಚಾರ ಮತ್ತು ಪ್ರತೀಕಾರವೆಂಬ ಎರಡೇ ಸಂಧಿಗಳಲ್ಲಿ ಇತಿವೃತ್ತವು ಮುಗಿಯುವುದು. ಹೀಗಾಗಿ ಕ್ರೋಧಕ್ಕೆ ಆಶ್ರಯವಾದವಳೇ ಆ ಕ್ರೋಧಕ್ಕೆ ಉದ್ದೀಪನವೂ ಆಗಿ, ವಿಭಾವದ ಹಳೆಯ ಸ್ಥಾನಕ್ಕೇ ಮರಳಿಬಿಡುವಳು. ತೆರೆಯ ಮೇಲಿನ ಕಥೆಯು 1983ರ ಶರಣಾಗತಿಯೊಡನೆ ನಿಲ್ಲುವುದು. ಸರ್ವೋಚ್ಚ ನ್ಯಾಯಾಲಯವು ಬಾವಿಯ ದೃಶ್ಯವನ್ನು ಕುರಿತು ತೀರ್ಪಿತ್ತ ವರ್ಷದಲ್ಲಿಯೇ ಆಕೆಯು ಮಿರ್ಜಾಪುರದ ಮತದಾರರಿಂದ ಲೋಕಸಭೆಗೆ ಆರಿಸಿ ಬಂದಳು.