ಎಡಕುಮೇರಿಯ ತಿರುವಿನಲ್ಲಿ ಮತ್ತೊಂದು ಪಟ

ಪೇಟೆಯೆನ್ನಲು ಅಂಗಡಿಯಿಲ್ಲ, ಹಳ್ಳಿಯೆನ್ನಲು ಗದ್ದೆಯಿಲ್ಲ. ಆದರೂ ನನ್ನ ಊರಾವುದೆಂದು ಕೇಳಿದವರಿಗೆ ಎಡಕುಮೇರಿಯೆಂದೇ ಉತ್ತರಿಸುತ್ತ ಬಂದಿದ್ದೇನೆ. ಸಕಲೇಶಪುರದ ಘಟ್ಟದ ನಡುವೆ ಒಂದು ರೈಲು ನಿಲ್ದಾಣ, ಕೆಳಗೆ ಕೆಂಪುಹೊಳೆ, ಮೇಲೆ ಶೋಲಾ ಕಾಡು ಮತ್ತು ಹುಲ್ಲುಬೆಟ್ಟ, ಇವಿಷ್ಟೇ ಆ ಊರಿನ ಸರ್ವಸ್ವ. ಅಲ್ಲಿನ ಉದ್ಯಮವೆಂದರೆ ಹಳಿ. ಹಳಿಯ ಚಾಕರಿಯಲ್ಲಿದ್ದವರೇ ಪ್ರಜೆಗಳು. ನಮ್ಮ ತಂದೆಯವರು ಗ್ಯಾಂಗಿನ ಕೀಮ್ಯಾನ್ ಆಗಿದ್ದು, ಸುತ್ತಿಗೆಯನ್ನೂ ಸ್ಪ್ಯಾನರನ್ನೂ ಹೊತ್ತು ದಿನವೂ ಮೈಲಿಗಟ್ಟಲೆ ನಡೆಯುತ್ತಿದ್ದರು. ನಾನು ಸಕಲೇಶಪುರದಲ್ಲಿ ಓದುತ್ತಿದ್ದು, ರಜೆಗೆ ಮಾತ್ರ ಅಲ್ಲಿಗೆ ಇಳಿಯುತ್ತಿದ್ದೆ.

1985ರ ನವೆಂಬರಿನಲ್ಲಿ ಸೋದರಮಾವನು ತನ್ನ ಆಗ್ಫಾ ಕ್ಲಿಕ್ ತಂದು, ಬಿಸಿಲಿಗೊಂದು ಮೋಡಕ್ಕೊಂದು ಗುರುತಿದ್ದ ಆ ಸರಳ ಯಂತ್ರದಿಂದ, ಹಳಿಗಳ ನಡುವೆ ನಿಂತು, ಗುಡ್ಡದೊಳಕ್ಕೆ ಬಾಗುವ ತಿರುವನ್ನೂ ಅದರ ಬದಿಯಲ್ಲಿ ಕೊಡೆ ಮಡಚಿ ನಿಂತ ತಂದೆಯವರನ್ನೂ ತೆಗೆದ ಚಚ್ಚೌಕ ಪಟವೊಂದು ನನ್ನಲ್ಲಿದೆ. ಅದೇ ತಿರುವನ್ನು ಮತ್ತೊಮ್ಮೆ ತೆಗೆಯುವ ಹಂಬಲವೇ ಈ ವಾರದ ವಿಷಯ.

ಆ ತಿರುವನ್ನು ಹಾಯುವ ಹಾಸನ–ಮಂಗಳೂರು ಮೀಟರ್‌ಗೇಜ್ ಮಾರ್ಗವು 1979ರಲ್ಲಿ ತೆರೆದು, 1996ರಲ್ಲಿ ಬ್ರಾಡ್‌ಗೇಜಿಗಾಗಿ ಮುಚ್ಚಿ, ಪ್ರಯಾಣಿಕರ ಗಾಡಿಗಳಿಗೆ 2007ರ ಡಿಸೆಂಬರಿನಲ್ಲಷ್ಟೆ ಮತ್ತೆ ತೆರೆಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳು, 50ಕ್ಕೆ 1ರ ಏರು. ಸರಕುಗಾಡಿಗಳನ್ನು ಇಂದಿಗೂ ಹಿಂದಿನಿಂದ ಎಂಜಿನ್ನುಗಳು ನೂಕಬೇಕು. ಒಂದು ಕಾಲದಲ್ಲಿ ಚಾರಣಿಗರ ದಂಡು ಹಳಿಯ ಮೇಲೆಯೇ ನಡೆದು ಬರುತ್ತಿದ್ದುದನ್ನು ರೈಲ್ವೆಯು ನಿಷೇಧಿಸಿದ್ದು ನ್ಯಾಯವೇ ಸರಿ. ನಾನೂ ಅನುಮತಿ ಪಡೆದೇ ಹೋದೆ.

ಹಳೆಯ ಪಟದ ಸ್ಥಾನವನ್ನು ಹುಡುಕುವಲ್ಲಿ ನೆನಪನ್ನು ನಂಬಬಾರದು. ಪಟದಲ್ಲಿ ಒಂದರ ಹಿಂದೊಂದು ನಿಂತ ಎರಡು ಸ್ಥಿರ ವಸ್ತುಗಳನ್ನು ಗುರುತಿಸಿ, ಅವು ಅದೇ ಅಂತರದಲ್ಲಿ ಕಾಣುವವರೆಗೆ ಎಡಕ್ಕೋ ಬಲಕ್ಕೋ ಸರಿಯಬೇಕು. ಮರಗಳು ಸಲ್ಲವು, ಅವು ಬೆಳೆದಿರುತ್ತವೆ, ಬಿದ್ದಿರುತ್ತವೆ. ನನಗೆ ಒದಗಿದ್ದು ಒಂದು ಕಲ್ಲಿನ ತಡೆಗೋಡೆಯ ಅಂಚು, ಅದರ ಹಿಂದಣ ಬಂಡೆಯ ಮೂಗು. ಬೆಳಕೂ ಹೊಂದಬೇಕಾದುದರಿಂದ ತಿಂಗಳನ್ನೂ ಗಳಿಗೆಯನ್ನೂ ಆರಿಸಿಕೊಳ್ಳಬೇಕು. ನವೆಂಬರ್ ಎರಡನೆಯ ವಾರದ ಸೂರ್ಯಪಥವು ಫೆಬ್ರವರಿಯ ಆರಂಭದಲ್ಲಿ ಮರಳಿ ಬರುವುದಾದರೂ, ಆ ವೇಳೆಗೆ ಬೆಟ್ಟದ ಹುಲ್ಲು ಒಣಗಿ ಬಣ್ಣಗೆಟ್ಟಿರುವುದರಿಂದ ನಾನು ನವೆಂಬರನ್ನೇ ಕಾದೆ. ಇನ್ನೊಂದು ಮಾತು: ಘಟ್ಟದ ಕಡುಹಸುರು ಪ್ರಕಾಶಮಾಪಕವನ್ನು ವಂಚಿಸುತ್ತದೆ. ಅದು ಹೇಳಿದಂತೆ ತೆಗೆದರೆ ಕಾಡು ಬೆಳ್ಳಗಾಗಿ ಮಂಜು ಮಾಯವಾಗುವುದು. ಬೆಳಕನ್ನು ಒಂದು ಗುರುತು (ಸ್ಟಾಪ್) ಇಳಿಸುವುದು ಲೇಸು. ಮಂಜೇ ಚೌಕಟ್ಟನ್ನು ತುಂಬಿದಾಗ ಇದರ ವಿಪರ್ಯಯ. ಇಂಬಳಕ್ಕೆ ಮಾತ್ರ ಯಾವ ಶಾಸ್ತ್ರವೂ ಇಲ್ಲ, ಸುಣ್ಣ ಮತ್ತು ಹೊಗೆಸೊಪ್ಪಿನ ಪೊಟ್ಟಣವೇ ಗತಿ.

ಗೋಡೆಯ ಅಂಚೂ ಬಂಡೆಯ ಮೂಗೂ ಕೂಡುವ ಬಿಂದುವು ಹಳಿಗಳ ನಡುವೆಯೇ ಬಿತ್ತು. ಮಾವನು ನಿಂತಾಗ ದಿನಕ್ಕೆ ಕೆಲವೇ ಗಾಡಿಗಳು. ಈಗ ಅಲ್ಲಿ ನಿಲ್ಲುವುದು ಅವಿವೇಕ. ಆದುದರಿಂದ ಪ್ಲಾಟ್‌ಫಾರಂ ತುದಿಯಿಂದಲೇ, ಸುಮಾರು ನಾಲ್ಕು ಹೆಜ್ಜೆ ಬದಿಗೆ ಸರಿದು, ಹಳೆಯ ಯಾಶಿಕಾದಿಂದ 12 ಪಟಗಳನ್ನು ತೆಗೆದೆನು. ಮೀಟರ್‌ಗೇಜಿನ ಇಕ್ಕಟ್ಟಾದ ಹಳಿಯ ಜಾಗದಲ್ಲಿ ಕಾಂಕ್ರೀಟ್ ಸ್ಲೀಪರುಗಳ ಅಗಲ ಮಾರ್ಗ. ತಂದೆಯವರು ನಿಂತಿದ್ದೆಡೆ ಮೊಣಕಾಲೆತ್ತರದ ಜರೀಗಿಡ. 2024ರ ಜುಲೈನಲ್ಲಿ ಇಲ್ಲಿಂದ ಕಡಗರವಳ್ಳಿಯ ಕಡೆಗೆ ಮಣ್ಣು ಜರಿದು ಅನೇಕ ದಿನ ಸಂಚಾರ ನಿಂತಿದ್ದನ್ನು ನೆನೆದರೆ, ಆ ತಡೆಗೋಡೆ ಅಲುಗದೆ ನಿಂತಿರುವುದೇ ನನಗೆ ಸೋಜಿಗ.

ಎರಡು ಪಟಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಗಣಕಯಂತ್ರದಲ್ಲಿ ಓರೆ ತಿದ್ದಿಕೊಡುವೆನೆಂದು ಮಗನು ಹೇಳಿದ, ನಾನು ಒಪ್ಪಲಿಲ್ಲ. ಆ ನಾಲ್ಕು ಹೆಜ್ಜೆಯ ಅಂತರವು ಪಟದಲ್ಲಿ ಹಾಗೆಯೇ ಉಳಿಯಲಿ.

1979ರಿಂದ 1996ರವರೆಗಿನ ಈ ಮಾರ್ಗದ ಪಟಗಳು ನಿಮ್ಮ ಪೆಟ್ಟಿಗೆಗಳಲ್ಲಿದ್ದರೆ ಹಿಂಬದಿಯಲ್ಲಿ ತಿಂಗಳನ್ನೂ ನಿಂತ ಸ್ಥಳವನ್ನೂ ಬರೆದಿಡಿರಿ. ಮೆದು ಪೆನ್ಸಿಲಿನಿಂದ ಬರೆಯಿರಿ, ಮಸಿಯು ಮುಂಬದಿಗೆ ಇಳಿಯುತ್ತದೆ.