ಐರಿಸ್ ಮರ್ಡಾಕ್ ಕಂಡ ಅತ್ತೆ

ತತ್ತ್ವಜ್ಞಾನಿಗಳ ಜಾಯಮಾನ ಅವರ ವಾದಕ್ಕಿಂತ ಅವರು ಕೊಡುವ ಉದಾಹರಣೆಗಳಲ್ಲಿ ಬೇಗ ಗೊತ್ತಾಗುತ್ತದೆ. ಆಕ್ಸ್‌ಫರ್ಡಿನ ಆರ್. ಎಂ. ಹೇರ್ 1952ರಲ್ಲಿ ‘ದಿ ಲ್ಯಾಂಗ್ವೇಜ್ ಆಫ್ ಮಾರಲ್ಸ್’ ಬರೆದಾಗ, ‘ಒಳ್ಳೆಯ’ ಎಂಬ ಮಾತು ಹೇಗೆ ಕೆಲಸ ಮಾಡುತ್ತದೆಂದು ತೋರಿಸಲು ಸ್ಟ್ರಾಬೆರಿ ಹಣ್ಣು, ಮೋಟಾರು ಕಾರುಗಳನ್ನು ಎತ್ತಿಕೊಂಡರು. ಅವರಂತೆಯೇ 1919ರಲ್ಲಿ ಹುಟ್ಟಿ, ಅದೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಐರಿಸ್ ಮರ್ಡಾಕ್ ಎತ್ತಿಕೊಂಡದ್ದು ಒಬ್ಬ ಅತ್ತೆಯನ್ನು. 1970ರಲ್ಲಿ ಬಂದ ‘ದಿ ಸಾವರಿನ್‌ಟಿ ಆಫ್ ಗುಡ್’ ಮೂರೇ ಪ್ರಬಂಧಗಳ ತೆಳು ಪುಸ್ತಕ. ಅದರ ಮೊದಲ ಪ್ರಬಂಧ ‘ದಿ ಐಡಿಯಾ ಆಫ್ ಪರ್ಫೆಕ್ಷನ್’ನಲ್ಲಿ ಈ ಅತ್ತೆ ಬರುತ್ತಾಳೆ. ನೀತಿಗೂ ಭಾಷೆಗೂ ಏನು ನಂಟು ಎಂಬ ಪ್ರಶ್ನೆಗೆ ಆ ಕಾಲದ ವಿದ್ವಾಂಸರು ಕಾಣದ್ದನ್ನು ಅವಳು ಕಾಣಿಸುತ್ತಾಳೆ. ಆದರೆ ಕತೆಯಲ್ಲಿ ಒಬ್ಬರ ಪಾಲಿನ ಮಾತು ಬಿಟ್ಟುಹೋಗಿದೆ.

ಮೊದಲು ಎದುರು ಪಕ್ಷ. ಇಪ್ಪತ್ತೈದರ ಹರೆಯದ ಎ. ಜೆ. ಏಯರ್ 1936ರಲ್ಲಿ ‘ಲ್ಯಾಂಗ್ವೇಜ್, ಟ್ರೂತ್ ಅಂಡ್ ಲಾಜಿಕ್’ ಪ್ರಕಟಿಸಿ, ನೀತಿಯ ಮಾತು ಬರೀ ಭಾವದ ಉದ್ಗಾರ ಎಂದುಬಿಟ್ಟರು. ನೀನು ಹಣ ಕದ್ದೆ ಎಂಬುದಷ್ಟೇ ಸಂಗತಿ. ಕದ್ದದ್ದು ತಪ್ಪು ಎಂದರೆ ಅದನ್ನೇ ಹೇಸಿಗೆಯ ದನಿಯಲ್ಲಿ ಹೇಳಿದ ಹಾಗಾಯಿತು, ಹೊಸದೇನೂ ಸೇರಲಿಲ್ಲ. ಹೇರ್ ಇದನ್ನು ಒಪ್ಪಲಿಲ್ಲ. 1942ರಲ್ಲಿ ಸಿಂಗಪುರ ಬಿದ್ದಾಗ ಜಪಾನೀಯರ ಕೈಗೆ ಸಿಕ್ಕಿ, ಬರ್ಮಾ–ಥಾಯ್ಲೆಂಡ್ ರೈಲುದಾರಿಯಲ್ಲಿ ಸೆರೆಯಾಳಾಗಿ ದುಡಿದು ಬಂದವರು ಅವರು. ಸರಿ ತಪ್ಪೆಲ್ಲ ಉದ್ಗಾರ ಎಂಬ ಮಾತು ಅಂಥವರಿಗೆ ರುಚಿಸದಿದ್ದರೆ ಆಶ್ಚರ್ಯವಿಲ್ಲ. ನೀತಿಯ ಮಾತು ಆಜ್ಞೆಯ ಜಾತಿಗೆ ಸೇರಿದ್ದು, ಅದೂ ಹೇಳಿದವನನ್ನೇ ಕಟ್ಟಿಹಾಕುವಂಥದ್ದು ಎಂದರು ಹೇರ್. ಅವನು ಹೀಗೆ ಮಾಡಬೇಕು ಎಂದು ನಾನು ಅಂದರೆ, ಅದೇ ಸ್ಥಿತಿಯಲ್ಲಿ ನಾನಿದ್ದರೂ ಹಾಗೇ ಮಾಡಬೇಕು ಎಂದು ಒಪ್ಪಿದಂತೆ.

ಹೇರ್ ಪುಸ್ತಕದಲ್ಲಿ ಒಬ್ಬ ಪಾದ್ರಿ ಬರುತ್ತಾನೆ. ವ್ಯಾಕರಣ ಪುಸ್ತಕ ಹಿಡಿದು ನರಭಕ್ಷಕರ ದ್ವೀಪಕ್ಕೆ ಇಳಿದವನು. ‘ಒಳ್ಳೆಯ’ ಎನ್ನಲು ಅವರಲ್ಲಿರುವ ಪದ ಅವನಿಗೆ ಗೊತ್ತು. ಅವರು ಅದನ್ನು ಶತ್ರುಗಳ ನೆತ್ತಿಯ ಚರ್ಮ ಸರಾಸರಿಗಿಂತ ಹೆಚ್ಚು ಸುಲಿದು ತಂದ ಧೀರನಿಗೆ ಬಳಸುತ್ತಾರೆ, ಇವನು ಸಾಧು ಸ್ವಭಾವದವರಿಗೆ. ಆದರೂ ಮಾತು ತಾಳೆಯಾಗುತ್ತದೆ, ಜಗಳವೂ ನಡೆಯುತ್ತದೆ, ಯಾಕೆಂದರೆ ಎರಡೂ ಕಡೆ ಆ ಪದಕ್ಕಿರುವ ಕೆಲಸ ಮೆಚ್ಚುವುದು. ಯಾವುದನ್ನು ಮೆಚ್ಚುತ್ತಾರೆ ಎಂಬುದು ಆಮೇಲಿನ ಮಾತು. ಚುರುಕಾದ ವಾದವೇ. ಆದರೆ ಮೆಚ್ಚುಗೆಯನ್ನೂ ವರ್ಣನೆಯನ್ನೂ ಹೀಗೆ ಸಿಗಿದು ಬೇರೆ ಮಾಡಿದರೆ ಯಾವುದನ್ನು ಬೇಕಾದರೂ ಒಳ್ಳೆಯದು ಎನ್ನಬಹುದಲ್ಲ? ಗಂಟೆಗೆ ಮೂರು ಸಲ ಕೈ ಕೈ ಹಿಡಿದುಕೊಳ್ಳುವುದು ಸತ್ಕಾರ್ಯ ಎಂದು ಯಾರಾದರೂ ಅಂದರೆ ನಮಗೆ ತಲೆಬುಡ ತಿಳಿಯುತ್ತದೆಯೇ ಎಂದು ತತ್ತ್ವಜ್ಞಾನಿ ಫಿಲಿಪ್ಪಾ ಫುಟ್ ಕೇಳಿದ್ದು ಇದಕ್ಕೇ.

ಮರ್ಡಾಕ್ ಇನ್ನೂ ಒಳಗೆ ಕೈ ಹಾಕುತ್ತಾರೆ. (ಪ್ರಬಂಧ ಹೆಸರು ಹಿಡಿದು ಎದುರಿಸುವುದು ಮುಖ್ಯವಾಗಿ ತತ್ತ್ವಜ್ಞಾನಿ ಸ್ಟುವರ್ಟ್ ಹ್ಯಾಂಪ್‌ಷೈರ್ ಅವರನ್ನು, ಏಟು ಹೇರ್‌ಗೂ ತಾಗುತ್ತದೆ.) ಅವರ ಅತ್ತೆ ಸೊಸೆಯರಿಗೆ ಹೆಸರಿಲ್ಲ, ಎಂ ಮತ್ತು ಡಿ ಅಷ್ಟೇ. ಸೊಸೆಯ ಮನಸ್ಸು ಕೆಟ್ಟದ್ದಲ್ಲ. ಆದರೆ ಸಲಿಗೆ ಜಾಸ್ತಿ, ನಯನಾಜೂಕು ಕಡಿಮೆ, ಇನ್ನೂ ಹುಡುಗಾಟ ಬಿಟ್ಟಿಲ್ಲ. ಅವಳು ಮಾತಾಡುವ ಧಾಟಿ, ತೊಡುವ ಬಟ್ಟೆ ಅತ್ತೆಗೆ ಹಿಡಿಸುವುದಿಲ್ಲ. ಮಗ ತನ್ನ ಅಂತಸ್ತಿಗೆ ತಕ್ಕವಳನ್ನು ಮದುವೆಯಾಗಲಿಲ್ಲ ಎಂಬ ಕೊರಗು. ಆದರೂ ಮರ್ಯಾದಸ್ಥೆಯಾದ ಅತ್ತೆ ಇದನ್ನು ಮುಖದಲ್ಲಿ ಒಂದಿಷ್ಟೂ ತೋರಗೊಡುವುದಿಲ್ಲ. ಇಂಥ ಅತ್ತೆ ಇಂಗ್ಲೆಂಡಿನಲ್ಲಷ್ಟೇ ಸಿಕ್ಕಾಳು ಎಂದು ನಮ್ಮ ಕಡೆಯ ಸೊಸೆಯರು ನಕ್ಕರೆ ತಪ್ಪಲ್ಲ. ಸೊಸೆ ಪರದೇಶಕ್ಕೆ ಹೋದಳು, ಇಲ್ಲವೇ ತೀರಿಕೊಂಡಳು ಎಂದೇ ಇಟ್ಟುಕೊಳ್ಳಿ ಎನ್ನುತ್ತಾರೆ ಮರ್ಡಾಕ್. ಕಾಲ ಸರಿಯುತ್ತದೆ. ಅತ್ತೆ ತನ್ನ ಮಡಿವಂತಿಕೆ, ದೊಡ್ಡಸ್ತಿಕೆ, ಹೊಟ್ಟೆಕಿಚ್ಚುಗಳನ್ನು ತಾನೇ ಕೆದಕಿ ನೋಡಿಕೊಳ್ಳುತ್ತಾಳೆ. ಒರಟು ಎನಿಸಿದ್ದು ನಿಷ್ಕಪಟವಾಗಿ, ಹುಡುಗಾಟ ಎನಿಸಿದ್ದು ಲವಲವಿಕೆಯಾಗಿ ನಿಧಾನವಾಗಿ ಕಾಣತೊಡಗುತ್ತದೆ.

ಹೊರಗೆ ಒಂದು ಹುಲ್ಲುಕಡ್ಡಿಯೂ ಅಲುಗಿಲ್ಲ. ಆಜ್ಞೆ ಇಲ್ಲ, ತೀರ್ಮಾನ ಇಲ್ಲ, ಕ್ರಿಯೆ ಇಲ್ಲ. ಹೇರ್ ಅವರ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳಲು ಏನೂ ಸಿಗುವುದಿಲ್ಲ. ಆದರೂ ಅತ್ತೆ ಆ ವರ್ಷಗಳಲ್ಲಿ ಮಾಡಿದ ಕೆಲಸ ನೀತಿಯದೇ, ಮತ್ತು ಅದನ್ನು ಮಾಡಿದ್ದು ಗುಣವಾಚಕಗಳ ಮೂಲಕ. ಮರ್ಡಾಕ್ ಗೆದ್ದಿರುವುದು ಇಲ್ಲಿ ಎಂದು ನನ್ನ ಎಣಿಕೆ. ದಿನದ ಬಾಳಿನಲ್ಲಿ ‘ಒಳ್ಳೆಯದು’, ‘ಮಾಡಬೇಕು’ ಎಂದು ನಾವು ಎಷ್ಟು ಸಲ ಅನ್ನುತ್ತೇವೆ? ಜಿಪುಣ, ಬಾಯಿಬಡುಕಿ, ಕೈ ಬಿಗಿ, ಮಾತು ನೇರ ಎನ್ನುವುದೇ ಹೆಚ್ಚು. ಅವುಗಳಲ್ಲಿ ವರ್ಣನೆ ಎಲ್ಲಿ ಮುಗಿಯಿತು, ತೀರ್ಪು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯಲಾಗದು. ಜಿಪುಣ ಎಂದು ಮನಸ್ಸಿನಲ್ಲಿ ಬರೆದಿಟ್ಟ ಅಣ್ಣ ಸಾಲ ಕೇಳಿ ಬಂದಾಗ, ಕೊಡಬೇಕೋ ಬೇಡವೋ ಎಂಬ ಪ್ರಶ್ನೆ ಏಳುವ ಹೊತ್ತಿಗೆ ಅರ್ಧ ಉತ್ತರ ಆಗಿಹೋಗಿರುತ್ತದೆ. ನಿರ್ಧಾರದ ಗಳಿಗೆಯನ್ನೇ ದಿಟ್ಟಿಸುವ ಸಿದ್ಧಾಂತಗಳು ತಡವಾಗಿ ಬರುತ್ತವೆ.

ಅತ್ತೆ ತನ್ನನ್ನು ತಾನೇ ವಂಚಿಸಿಕೊಳ್ಳುತ್ತಿದ್ದರೆ? ಮರ್ಡಾಕ್ ಈ ಆಕ್ಷೇಪಣೆಯನ್ನು ಬಲ್ಲರು. ನ್ಯಾಯದಿಂದ, ಪ್ರೀತಿಯಿಂದ ನೋಡಿದರೆ ಇದ್ದದ್ದು ಇದ್ದಂತೆ ಕಾಣುತ್ತದೆ ಎಂಬುದು ಅವರ ನಂಬಿಕೆ. ಹಾಗೆ ಕಂಡಿದೆ ಎಂದು ಹೇಳುವವರು ಯಾರು? ಪುಸ್ತಕದ ಮೂರನೇ ಪ್ರಬಂಧದಲ್ಲಿ ಅವರು ರಷ್ಯನ್ ಕಲಿಕೆಯ ಉದಾಹರಣೆ ಕೊಡುತ್ತಾರೆ. ಭಾಷೆ ನನ್ನ ಇಷ್ಟಕ್ಕೆ ಬಗ್ಗುವುದಿಲ್ಲ, ಬಾರದ್ದನ್ನು ಬರುತ್ತದೆ ಎಂದು ನಟಿಸಲು ಬಿಡುವುದಿಲ್ಲ, ಹಾಗಾಗಿ ಆ ಕಲಿಕೆಯೇ ಒಂದು ಪ್ರಾಮಾಣಿಕತೆ ಎನ್ನುವುದು ಸರಿಯೇ. ಆದರೆ ರಷ್ಯನ್ ಕಲಿಯುವವನ ತಪ್ಪು ವಾಕ್ಯವನ್ನು ರಷ್ಯನ್ ಆಡುವವರು ಹಿಡಿದು ತಿದ್ದುತ್ತಾರೆ. ಇಲ್ಲಿ ತಿದ್ದಬಲ್ಲ ಸೊಸೆಯನ್ನು ಲೇಖಕಿಯೇ ಹೊರಗೆ ಕಳಿಸಿದ್ದಾರೆ. ನಡವಳಿಕೆ ಬದಲಾಗಿದ್ದರಿಂದ ನೀತಿ ಬದಲಾಯಿತು ಎಂದು ಯಾರೂ ವಾದಿಸದಿರಲಿ ಎಂಬುದು ಅವರ ಉದ್ದೇಶ. ತರ್ಕಕ್ಕೆ ಅದು ಬೇಕಿತ್ತು. ಆದರೆ ತೀರಿಹೋದವರ ಗುಣ ವರ್ಷ ಕಳೆದಂತೆ ಬೆಳೆಯುವುದು ಎಲ್ಲರೂ ಕಂಡದ್ದೇ. ಅತ್ತೆಯ ಹೊಸ ಮಾತುಗಳು ಒಂಟಿತನದಿಂದ ಹುಟ್ಟಿದವೋ ನ್ಯಾಯದಿಂದಲೋ ಎಂದು ಕೇಳಲು ಮನೆಯಲ್ಲಿ ಯಾರೂ ಇಲ್ಲ. ಹೇರ್ ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತಾರೆ. 1963ರ ‘ಫ್ರೀಡಮ್ ಅಂಡ್ ರೀಸನ್’ನಲ್ಲಿ ಅವರು ಒತ್ತಿ ಹೇಳುವುದು, ಎದುರಿನವರ ಜಾಗದಲ್ಲಿ ನಿಂತು ಅವರಿಗೇನು ಬೇಕು ಎಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು. ಎಂ ಅದನ್ನು ಒಮ್ಮೆಯೂ ಮಾಡುವುದಿಲ್ಲ, ಬರೀ ನೋಡುತ್ತಾಳೆ.

ಕಾದಂಬರಿಕಾರ್ತಿ ಮರ್ಡಾಕ್‌ಗೆ ಇದು ಚೆನ್ನಾಗಿ ಗೊತ್ತಿತ್ತು. 1978ರಲ್ಲಿ ಬೂಕರ್ ಪಡೆದ ‘ದಿ ಸೀ, ದಿ ಸೀ’ಯ ನಾಯಕ ಚಾರ್ಲ್ಸ್ ಆರೋಬಿ, ನಿವೃತ್ತ ನಾಟಕ ನಿರ್ದೇಶಕ, ಬಾಲ್ಯದ ಪ್ರೇಯಸಿ ಹಾರ್ಟ್ಲಿಯನ್ನು ಮುಪ್ಪಿನ ಹೊಸ್ತಿಲಲ್ಲಿ ಮತ್ತೆ ಕಾಣುತ್ತಾನೆ. ಅವಳು ಗಂಡನ ಕೈಯಲ್ಲಿ ನವೆಯುತ್ತಿದ್ದಾಳೆ, ತನ್ನನ್ನೇ ಬಯಸುತ್ತಿದ್ದಾಳೆ ಎಂದು ತನ್ನ ಮಾತಿನಲ್ಲೇ ಅವಳ ಬದುಕನ್ನು ಬರೆದುಕೊಳ್ಳುತ್ತಾನೆ, ಪ್ರೀತಿಯ ಕಣ್ಣಿಂದಲೇ. ಆಮೇಲೆ ಮನೆಯಲ್ಲಿ ಕೂಡಿಹಾಕುತ್ತಾನೆ. ಮನೆಗೆ ಹೋಗಬೇಕು ಎಂದು ಅವಳು ಅಂದರೆ ಅದನ್ನೂ ತನ್ನ ಕತೆಗೆ ಹೊಂದಿಸಿಕೊಳ್ಳುತ್ತಾನೆ. ಕೊನೆಗೆ ಹಾರ್ಟ್ಲಿಯೂ ಪರದೇಶಕ್ಕೆ ಹೋಗುತ್ತಾಳೆ, ಆಸ್ಟ್ರೇಲಿಯಕ್ಕೆ, ಗಂಡನ ಜೊತೆ. ಈ ಸಲ ಅವಳನ್ನು ಕಳಿಸಿದ್ದು ವಾದದ ಅನುಕೂಲ ಅಲ್ಲ.