ಅಜ್ಜಿ ಬೇಡಿದ ಕುರುಹು

ಕಥೆಯೊಂದನ್ನು ಓದಿ ಮುಗಿಸಿದೊಡನೆ ನಾವು ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತೇವೆ. ಇದರಲ್ಲಿ ಬರುವ ವ್ಯಕ್ತಿ ಒಳ್ಳೆಯವಳೋ ಕೆಟ್ಟವಳೋ? ಈ ಕಥೆ ನಮ್ಮ ವಿಶ್ವಾಸಕ್ಕೆ ಅನುಕೂಲವೋ ಪ್ರತಿಕೂಲವೋ? ಪ್ರಶ್ನೆಗಳು ಸಹಜವೇ. ಆದರೆ ಅವಕ್ಕೆ ಅವಸರದಿಂದ ಉತ್ತರ ಕೊಟ್ಟರೆ ಒಳ್ಳೆಯ ಕಥೆಯೊಂದು ಕೈತಪ್ಪಿಹೋಗುತ್ತದೆ. ಹಾಗೆ ಕೈತಪ್ಪಬಹುದಾದ ಕಥೆಗಳಲ್ಲಿ ಒಂದು, ಅಮೆರಿಕದ ಲೇಖಕಿ ಕ್ಯಾಥರಿನ್ ಆನ್ ಪೋರ್ಟರ್ ಬರೆದ ‘ದ ಜಿಲ್ಟಿಂಗ್ ಆಫ್ ಗ್ರ್ಯಾನಿ ವೆದರಾಲ್’. ಮದುವೆಯ ದಿನ ವರನಿಂದ ಕೈಬಿಡಲ್ಪಟ್ಟವಳೊಬ್ಬಳ ಮರಣಶಯ್ಯೆಯ ಕಥೆ ಇದು. 1930ರ ‘ಫ್ಲವರಿಂಗ್ ಜೂಡಾಸ್’ ಎಂಬ ಸಂಕಲನದಲ್ಲಿ ಇದು ಸೇರಿದೆ.

ಪೋರ್ಟರ್ 1890ರಲ್ಲಿ ಟೆಕ್ಸಾಸ್ ರಾಜ್ಯದಲ್ಲಿ ಹುಟ್ಟಿದರು. ಎರಡು ವರ್ಷ ತುಂಬುವುದರೊಳಗೆ ತಾಯಿಯನ್ನು ಕಳೆದುಕೊಂಡು, ತಂದೆಯ ತಾಯಿಯ ಆಶ್ರಯದಲ್ಲಿ ಬೆಳೆದರು. ಮುಂದೆ ಆ ಅಜ್ಜಿಯ ಹೆಸರನ್ನೇ ತಮ್ಮ ಹೆಸರಾಗಿ ಇಟ್ಟುಕೊಂಡರು. ಯೌವನದಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದರಾದರೂ ಅವರ ವಿಶ್ವಾಸಜೀವನ ಕೊನೆಯವರೆಗೆ ಒಂದೇ ಸಮನಾಗಿರಲಿಲ್ಲ. 1966ರಲ್ಲಿ ಅವರ ಸಮಗ್ರ ಕಥೆಗಳಿಗೆ ಪುಲಿಟ್ಜರ್ ಪ್ರಶಸ್ತಿ ಬಂದಿತು. 1980ರಲ್ಲಿ ನಿಧನರಾದರು.

ಕಥೆ ಒಂದು ದಿನದ್ದು. ಎಂಬತ್ತರ ಹೊಸ್ತಿಲಲ್ಲಿರುವ ವೆದರಾಲ್ ಅಜ್ಜಿ ಮಗಳು ಕಾರ್ನೀಲಿಯಾಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಾಳೆ. ವೈದ್ಯರ ಮೇಲೆ ಗದರುತ್ತಾಳೆ, ಮಗಳ ಪಿಸುಮಾತಿಗೆ ಸಿಡುಕುತ್ತಾಳೆ. ಎಳೆಯ ವಯಸ್ಸಿನಲ್ಲೇ ಗಂಡ ಜಾನ್ ತೀರಿಕೊಂಡ ಮೇಲೆ ಮಕ್ಕಳನ್ನು ಒಬ್ಬಳೇ ಸಾಕಿದವಳು. ನೂರು ಎಕರೆ ಹೊಲಕ್ಕೆ ಬೇಲಿ ಹಾಕಲು ಕಂಬದ ಗುಂಡಿಗಳನ್ನು ತಾನೇ ತೋಡಿದವಳು. ಆದರೆ ಈ ಎಲ್ಲ ಗೆಲುವಿನ ಅಡಿಯಲ್ಲಿ ಒಂದು ಹಳೆಯ ಗಾಯವಿದೆ. ಅರವತ್ತು ವರ್ಷಗಳ ಹಿಂದೆ, ಗುರುಗಳೂ ಬಂದು, ಮದುವೆಯ ಕೇಕೂ ಸಿದ್ಧವಾಗಿದ್ದ ದಿನ, ಜಾರ್ಜ್ ಎಂಬ ವರ ಬರಲೇ ಇಲ್ಲ. ಸಂಜೆ ಫಾದರ್ ಕಾನಲಿ ಬರುತ್ತಾರೆ, ಮಕ್ಕಳು ಹಾಸಿಗೆಯ ಸುತ್ತ ಸೇರುತ್ತಾರೆ. ಅಜ್ಜಿ ದೇವರಲ್ಲಿ ಒಂದು ಕುರುಹು ಬೇಡುತ್ತಾಳೆ. ಕುರುಹು ಕಾಣುವುದಿಲ್ಲ. ಮನೆಯಲ್ಲಿ ಗುರುಗಳಿದ್ದಾರೆ, ಮದಲಿಂಗನಿಲ್ಲ. ಇದು ಎರಡನೆಯ ಸಲ. ಇದನ್ನೆಂದೂ ಕ್ಷಮಿಸಲಾರೆನೆಂದುಕೊಂಡು ಆಕೆ ದೀಪವನ್ನು ತಾನೇ ಆರಿಸಿಬಿಡುತ್ತಾಳೆ.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹವೆಲ್ಸ್ ಮೊದಲಾದ ಅಮೆರಿಕದ ವಾಸ್ತವವಾದಿಗಳು ಮನುಷ್ಯರನ್ನು ಅವರ ಊರು, ದುಡಿಮೆ, ಮಾತು ಮತ್ತು ನಡೆಗಳ ಮೂಲಕ ತೋರಿಸಿದರು. ಮೊದಲ ಮಹಾಯುದ್ಧದ ನಂತರ ಬರೆದ ಆಧುನಿಕತಾವಾದಿಗಳಲ್ಲಿ ಹಲವರು ನಮ್ಮನ್ನು ಪಾತ್ರದ ಮನಸ್ಸಿನೊಳಗೇ ಕೂರಿಸಿದರು. ಕನ್ನಡ ವಿಮರ್ಶೆ ಇದನ್ನು ‘ಪ್ರಜ್ಞಾಪ್ರವಾಹ’ ಎಂದು ಕರೆಯುತ್ತದೆ. ಪೋರ್ಟರ್ ಅವರ ಕಥೆಯಲ್ಲಿ ಎರಡೂ ಇವೆ. ಬೇಲಿಯ ಗುಂಡಿ, ಅರ್ಧಕ್ಕೆ ನಿಂತ ಪೀಠವಸ್ತ್ರದ ಹೊಲಿಗೆ, ಅಟ್ಟದ ಪೆಟ್ಟಿಗೆಯಲ್ಲಿರುವ ಹಳೆಯ ಕಾಗದಗಳು ವಾಸ್ತವದ ವಿವರಗಳು. ಆದರೆ ಅವುಗಳನ್ನು ನಾವು ನೋಡುವುದು ಸಾಯುತ್ತಿರುವ ಅಜ್ಜಿಯ ಮಸುಕಾದ ಕಣ್ಣುಗಳಿಂದ. ನಿನ್ನೆ, ಇಂದು, ಅರವತ್ತು ವರ್ಷಗಳ ಹಿಂದೆ ಎಂಬ ಗೆರೆಗಳು ಅಲ್ಲಿ ಅಳಿಸಿಹೋಗಿವೆ. ಆದುದರಿಂದ ಓದುಗನ ಮೇಲೆ ಒಂದು ಹೊಣೆ ಬೀಳುತ್ತದೆ. ಪಾತ್ರ ಹೇಳುವುದನ್ನು ಗೌರವದಿಂದ ಕೇಳಬೇಕು. ಹೇಳಿದ್ದೆಲ್ಲವೂ ಕಥೆಯ ತೀರ್ಪೆಂದು ಮಾತ್ರ ತಿಳಿಯಬಾರದು.

ಒಂದು ಉದಾಹರಣೆ ನೋಡಿ. ಜಾರ್ಜನನ್ನು ಹುಡುಕಿ, ತಾನು ಅವನನ್ನು ಮರೆತಿರುವುದಾಗಿ ತಿಳಿಸಬೇಕೆಂದು ಅಜ್ಜಿ ಬಯಸುತ್ತಾಳೆ. ನಿಜವಾಗಿ ಮರೆತವರು ಹಾಗೆ ಹೇಳಿ ಕಳುಹಿಸುವರೇ? ಗಂಡ, ಮನೆ, ಮಕ್ಕಳು ಎಲ್ಲವೂ ತನಗೂ ದೊರೆತವೆಂದು ಅವನಿಗೆ ತಿಳಿಯಲಿ ಎನ್ನುತ್ತಾಳೆ. ಮರುಕ್ಷಣವೇ, ಇವೆಲ್ಲವನ್ನೂ ಮೀರಿದ ಇನ್ನೇನೋ ಒಂದು ತನಗೆ ಮರಳಿ ಬರಲಿಲ್ಲವೆಂದು ಒಳಗೊಳಗೇ ನಡುಗುತ್ತಾಳೆ. ಪೆಟ್ಟಿಗೆಯ ಕಾಗದಗಳನ್ನು ನಾಳೆ ನೋಡಿ ವಿಲೇವಾರಿ ಮಾಡಿದರಾಯಿತೆನ್ನುತ್ತಾಳೆ. ಆ ನಾಳೆ ಅರವತ್ತು ವರ್ಷವಾದರೂ ಬಂದಿಲ್ಲ. ‘ವೆದರಾಲ್’ ಎಂಬ ಹೆಸರಿನಲ್ಲಿ ಎಲ್ಲ ಗಾಳಿಮಳೆಗಳನ್ನೂ ತಾಳಿಕೊಂಡವಳು ಎಂಬ ಧ್ವನಿಯಿದೆ. ತಾಳಿಕೊಂಡದ್ದು ನಿಜ. ಆದರೆ ತಾಳಿಕೊಳ್ಳುವುದು ಬೇರೆ, ವಾಸಿಯಾಗುವುದು ಬೇರೆ. ಈ ವ್ಯತ್ಯಾಸವೇ ಕಥೆಯ ವಸ್ತುವೆಂದು ನನಗೆ ತೋರುತ್ತದೆ.

ಇನ್ನು ಮುಕ್ತಾಯದ ವಿಚಾರ. ಇದನ್ನು ಎರಡು ಬಗೆಯಲ್ಲಿ ಓದುವವರಿದ್ದಾರೆ. ಜಾರ್ಜ್ ಕೈಬಿಟ್ಟಂತೆ ದೇವರೂ ಕೈಬಿಟ್ಟನು, ಆದುದರಿಂದ ಇದು ದೇವರ ಮೌನದ ಕಥೆ ಎನ್ನುವುದು ಒಂದು ಬಗೆ. ಅಜ್ಜಿ ಗರ್ವಿಷ್ಠೆ, ಕ್ಷಮಿಸಲಾರದವಳು, ಆದುದರಿಂದ ಎಣ್ಣೆಯಿಲ್ಲದ ಕನ್ಯೆಯರಂತೆ ಹೊರಗುಳಿದಳು ಎನ್ನುವುದು ಇನ್ನೊಂದು. ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದ ಆ ಸಾಮತಿ ಕಥೆಯ ಹಿಂದೆ ನೆರಳಿನಂತೆ ಇದೆ ಎಂಬುದೇನೋ ಸರಿ. ಆದರೂ ಎರಡು ಓದುಗಳೂ ಒಂದು ಸಣ್ಣ ವಿವರವನ್ನು ದಾಟಿಹೋಗುತ್ತವೆ.

ಫಾದರ್ ಕಾನಲಿ ಲತೀನ್ ಭಾಷೆಯಲ್ಲಿ ಪ್ರಾರ್ಥಿಸುತ್ತಿರುವಾಗ ಅಜ್ಜಿಗೆ ಅಂಗಾಲಿನಲ್ಲಿ ಕಚಗುಳಿ ಇಟ್ಟಂತಾಗುತ್ತದೆ. ಇದೇನು ಹುಚ್ಚಾಟವೆಂದು ಮನಸ್ಸಿನಲ್ಲೇ ರೇಗುತ್ತಾಳೆ. ನಡೆದದ್ದೇನು? 1972ರಲ್ಲಿ ಹೊಸ ವಿಧಿ ಬರುವುದಕ್ಕೆ ಮುಂಚೆ, ಅಂತಿಮ ಅಭ್ಯಂಗದಲ್ಲಿ ಕಣ್ಣು, ಕಿವಿ, ಮೂಗು, ತುಟಿ, ಕೈಗಳೊಂದಿಗೆ ಪಾದಗಳಿಗೂ ಪವಿತ್ರ ತೈಲ ಲೇಪಿಸುತ್ತಿದ್ದರು. ಈಗ ಹಣೆಗೂ ಕೈಗಳಿಗೂ ಮಾತ್ರ ಲೇಪಿಸುವುದರಿಂದ ನಮ್ಮಲ್ಲಿ ಕಿರಿಯರಿಗೆ ಇದು ಥಟ್ಟನೆ ಹೊಳೆಯದಿರಬಹುದು. ಸಂಸ್ಕಾರವೆಂದರೆ ದೇವರ ಕೃಪೆಯ ಕಾಣುವ ಕುರುಹು ಎಂದು ನಾವು ಧರ್ಮೋಪದೇಶದಲ್ಲಿ ಕಲಿತಿದ್ದೇವೆ. ಹಾಗಾದರೆ ಅಜ್ಜಿ ಕುರುಹು ಬೇಡುವುದಕ್ಕೆ ಮೊದಲೇ ಕುರುಹು ಆಕೆಯ ಪಾದ ಮುಟ್ಟಿ ಆಗಿತ್ತು! ಆ ಹೊತ್ತಿನಲ್ಲಿ ಆಕೆಯ ಮನಸ್ಸು ಮಾತ್ರ ಅರವತ್ತು ವರ್ಷ ಹಿಂದಿನ ಅಂಗಳದಲ್ಲಿ, ಬಾರದವನ ದಾರಿ ಕಾಯುತ್ತಿತ್ತು.

ಇಷ್ಟರಿಂದ ಲೇಖಕಿ ನಮಗೆ ಸುಲಭದ ಸಾಂತ್ವನ ಕೊಟ್ಟಿದ್ದಾರೆಂದು ಹೇಳಿದರೆ ತಪ್ಪಾದೀತು. ಅಜ್ಜಿಯ ಕತ್ತಲೆ ನಿಜವಾದ ಕತ್ತಲೆಯೇ. ಪೋರ್ಟರ್ ಅದನ್ನು ಸಕ್ಕರೆ ಬೆರೆಸಿ ಕೊಟ್ಟಿಲ್ಲ. ಕುರುಹು ಇಲ್ಲವೆಂಬುದು ಅಜ್ಜಿಯ ಸಾಕ್ಷ್ಯ, ಅದು ಸುಳ್ಳಲ್ಲ. ಆದರೆ ಆಕೆ ಗಮನಿಸದ್ದನ್ನು ಕಥೆ ನಮಗೆ ಕಾಣಿಸುತ್ತದೆ. ಕೈಯಿಂದ ಜಪಮಾಲೆ ಜಾರಿದಾಗ ಆಕೆ ಮಗ ಜಿಮ್ಮಿಯ ಹೆಬ್ಬೆರಳನ್ನು ಹಿಡಿದುಕೊಳ್ಳುತ್ತಾಳೆ. ಜೀವವಿರುವುದೊಂದು ಆಕೆಗೆ ಬೇಕಾಗಿದೆ. ಇದನ್ನು ಕೆಲವರು ವಿಶ್ವಾಸದ ಸೋಲೆನ್ನಬಹುದು. ನಾನು ಹಾಗೆ ಓದಲಾರೆ. ಮನುಷ್ಯನಾಗಿ ಹುಟ್ಟಿದ ದೇವರನ್ನು ನಂಬುವ ನಮಗೆ, ಮಗನ ಹೆಬ್ಬೆರಳು ದೇವರಿಗೆ ದೂರವಾದುದೇನೂ ಅಲ್ಲ.

ಈ ಕಥೆಯನ್ನು ಕುಟುಂಬಗಳು ಓದಬೇಕೆಂದು ನಾನು ಬಯಸುವುದು ಇನ್ನೊಂದು ಕಾರಣಕ್ಕೆ. ಕಾರ್ನೀಲಿಯಾಳನ್ನು ಅಜ್ಜಿ ಕರ್ತವ್ಯನಿಷ್ಠೆಯೆಂದು ಅಣಕಿಸುತ್ತಾಳೆ. ಆದರೆ ಹಾಸಿಗೆಯ ಬಳಿ ನಿಂತವಳು ಅವಳೇ. ಅಜ್ಜಿ ಹಂಬಲಿಸುವ ಹ್ಯಾಪ್ಸಿ ಎಂಬ ಮಗಳಾದರೋ ಕೊನೆಗೂ ಬರುವುದಿಲ್ಲ. ಬಾರದವರ ಹೆಸರು ಕರೆಯುತ್ತಾ, ಬಂದವರನ್ನು ಗದರುವ ಮುದುಕರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ಅವರ ಸಿಡುಕಿನ ಹಿಂದೆ ತೆರೆಯದ ಪೆಟ್ಟಿಗೆಯೊಂದು ಇರಬಹುದೆಂದು ಊಹಿಸಬಲ್ಲ ಮಗಳು, ಸೊಸೆ ಧನ್ಯರು. ಗುರುಗಳನ್ನು ಕೊನೆಯ ಗಳಿಗೆಯಲ್ಲಿ ಕರೆಸುವ ಬದಲು, ರೋಗಿ ಮಾತಾಡಬಲ್ಲ ದಿನಗಳಲ್ಲೇ ಕರೆಸಿದರೆ ಆ ಪೆಟ್ಟಿಗೆಯ ಮುಚ್ಚಳ ಒಂದಿಷ್ಟು ತೆರೆಯಲೂಬಹುದು. ರೋಗಿಗಳ ಅಭ್ಯಂಗ ಸಾಯುವವರಿಗೆ ಮಾತ್ರವಲ್ಲ, ಗಂಭೀರವಾಗಿ ಅಸ್ವಸ್ಥರಾದವರಿಗೂ ವೃದ್ಧಾಪ್ಯದಿಂದ ಕುಗ್ಗಿದವರಿಗೂ ಉಂಟು ಎಂಬುದನ್ನು ಮರೆಯಬಾರದು.

ವೆದರಾಲ್ ಅಜ್ಜಿ ಒಳ್ಳೆಯವಳೋ ಕೆಟ್ಟವಳೋ ಎಂಬ ಪ್ರಶ್ನೆಗೆ ಕಥೆ ಉತ್ತರ ಕೊಡುವುದಿಲ್ಲ. ನೊಂದವಳು, ದುಡಿದವಳು, ಕೊನೆಯವರೆಗೂ ಕಾದವಳು ಎಂದಷ್ಟೇ ತಿಳಿಸಿ ಸುಮ್ಮನಾಗುತ್ತದೆ. ವರ ಬಾರದ ದಿನ, ಅವನನ್ನು ಕೊಲ್ಲುತ್ತೇನೆಂದು ಸಿಟ್ಟಿಗೆದ್ದವರನ್ನು ತಡೆದು, ಸ್ವಲ್ಪವನ್ನು ದೇವರಿಗೂ ಬಿಡಬೇಕೆಂದವಳು ಆಕೆಯೇ. ಆಕೆ ಆರಿಸಿದ ದೀಪದ ಆಚೆಗೆ ಏನಿತ್ತೆಂಬುದನ್ನು, ಆಕೆಯ ಮಾತಿನಂತೆಯೇ, ನಾವು ದೇವರಿಗೆ ಬಿಡೋಣ.